ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು

3 ಫೆಬ್ರವರಿ 1988

ಪ್ರೀತಿಯ ಕತ್ತರಿಗೆ ಮಾವನ ಆಶೀರ್ವಾದಗಳು.

ನಿನ್ನ ಮಾವ ಒಂದು ಕಾಲಕ್ಕೆ ಓಡುವ ರೈಲನ್ನು ಕಿರುಬೆರಳಿನಲ್ಲಿ ತಡೆದು ನಿಲ್ಲಿಸಿದವನು ಎಂಬುದನ್ನು ನೆನಪಿಟ್ಟುಕೊಂಡು ಈ ಪತ್ರ ಓದು. ಹದಿನಾರು ಬೋಗಿಯ ರೈಲು. ಒಳಗಿದ್ದ ಮುದುಕಿಯೊಬ್ಬಳು, ‘ಅಪ್ಪಾ, ಮೊಮ್ಮಗಳ ಮದುವೆಗೆ ತಡವಾಗ್ತದೆ’ ಎಂದು ಕಿಟಕಿಯಿಂದ ಕೈಮುಗಿದಳು. ಹೋಗಲಿ ಎಂದು ಬಿಟ್ಟುಬಿಟ್ಟೆ. ಇಂಥವನ ಮನೆಯಲ್ಲಿ ಬೆಳೆದ ಹುಡುಗಿಗೆ ಯಾರೋ ಪಟ್ಟಣದವರು ಮೂರು ಅಂಕ ಕೊಡುವುದೆಂದರೇನು?

ನೀನು ಕಳಿಸಿದ ಬಾಗಿಲಿನ ಚಿತ್ರ ಬಂತು. ಚೆನ್ನಾಗಿದೆ. ನಮ್ಮ ಗಿರಣಿಯ ಗೋಣಿಯ ನೇಯ್ಗೆ, ನನ್ನ ರಸೀದಿಯ ತುಂಡು ಎಲ್ಲವೂ ಕಾಣುತ್ತದೆ. ಆದರೆ ಕೆಳಗೆ ಎಡಮೂಲೆಯಲ್ಲಿ ಪೆನ್ಸಿಲಿನಲ್ಲಿ 3/24 ಎಂದು ಬರೆದವನು ಯಾರು? ಇಪ್ಪತ್ನಾಲ್ಕಕ್ಕೆ ಪಾಸಾಗಲು ಎಂಟಾದರೂ ಬೇಕೆಂದು ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನಗೇ ಗೊತ್ತು. ನಾನು ಸುಮ್ಮನಿರಲಿಲ್ಲ. ನೀಲಿ ಪೆನ್ನು ತೆಗೆದು ಮೂರನ್ನು ಹೊಡೆದುಹಾಕಿ ಇಪ್ಪತ್ನಾಲ್ಕು ಮಾಡಿದ್ದೇನೆ. ನಿನ್ನ ಅತ್ತೆ, ‘ನಿಮಗ್ಯಾಕ್ರೀ ಮೇಷ್ಟ್ರ ಕೆಲಸ, ಹಿಟ್ಟು ಬೀಸ್ಕೊಂಡು ಇರಿ’ ಅಂದಳು. ಅನ್ಯಾಯ ಕಂಡರೆ ನನ್ನ ಕೈ ನಿಲ್ಲುವುದಿಲ್ಲ, ಏನು ಮಾಡಲಿ.

ಐದು ವರ್ಷದವಳಿದ್ದಾಗ ನೀನು ನನ್ನ ಮೂರು ತಿಂಗಳ ರಸೀದಿ ಪುಸ್ತಕ ಕತ್ತರಿಸಿ ಹಕ್ಕಿ ಮಾಡಿದ್ದೆ. ನಿನ್ನಮ್ಮ ಹೊಡೆಯಲು ಬಂದಳು. ‘ತಂಗಿ, ಬಿಡು, ಇವಳ ಕೈಯಲ್ಲಿ ಏನೋ ಇದೆ’ ಎಂದವನು ನಾನು. ಅವಳು ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದಳು. ಈ ಲಕೋಟೆಯಲ್ಲಿ ಹಳೆಯ ಬಸ್ಸಿನ ಟಿಕೆಟ್ಟು, ಔಷಧದ ಚೀಟಿ, ಬೆಂಕಿಪೆಟ್ಟಿಗೆಯ ಚಿತ್ರಗಳು ಇವೆ. ಅಂಟಿಸಿಕೋ.

ಮಾವ


20 ಫೆಬ್ರವರಿ 1988

ಮಾವನಿಗೆ,

ನಕ್ಕು ನಕ್ಕು ಪಕ್ಕೆ ನೋವು ಬಂತು. ಅದು ಅಂಕ ಅಲ್ಲ ಮಾವ. ಇಲ್ಲಿಗೆ ಬರುವ ಮೊದಲು ಒಂದೇ ಅಚ್ಚಿನಿಂದ ತೆಗೆದ ಇಪ್ಪತ್ನಾಲ್ಕು ಪ್ರತಿಗಳಲ್ಲಿ ಅದು ಮೂರನೆಯದು, ಅಷ್ಟೇ. ನನ್ನ ಅಚ್ಚು ಲೋಹದ್ದಲ್ಲ, ರಟ್ಟಿನದು. ರಟ್ಟಿನ ಮೇಲೆ ಗೋಣಿ, ಹಗ್ಗ, ಮರಳು ಅಂಟಿಸಿ, ವಾರ್ನಿಶ್ ಬಳಿದು, ಒಣಗಿದ ಮೇಲೆ ಮಸಿ ಹಚ್ಚಿ ಒರೆಸಿ, ಮೇಲೆ ಒದ್ದೆ ಕಾಗದ ಹಾಸಿ ಯಂತ್ರದ ಉರುಳೆಯ ಕೆಳಗೆ ತಳ್ಳುತ್ತೇನೆ. ಇಪ್ಪತ್ನಾಲ್ಕು ಸಲ ಹಾಯುವಷ್ಟರಲ್ಲಿ ರಟ್ಟು ಚಪ್ಪಟೆಯಾಗಿಬಿಡುತ್ತದೆ. ಆಮೇಲೆ ಒಂದೊಂದು ಪ್ರತಿಯ ಮೇಲೂ ನಿನ್ನ ಚೀಟಿಗಳನ್ನು ಬೇರೆ ಬೇರೆಯಾಗಿ ಅಂಟಿಸುತ್ತೇನೆ. ನೀಲಿ ಪೆನ್ನು ಮುಟ್ಟಿದರೆ ಚಿತ್ರದ ಬೆಲೆ ಅಲ್ಲಿಗೇ ಮುಗಿಯಿತು. ಇನ್ನು ಮುಂದೆ ತಿದ್ದಬೇಡ!

ಗ್ಯಾಲರಿಯ ಮಹಡಿಯ ಮೇಲೇ ನನಗೆ ಕೋಣೆ ಕೊಟ್ಟಿದ್ದಾರೆ. ಯಂತ್ರ, ಮೇಜು, ಮಂಚ, ಒಂದು ಕಿಟಕಿ. ಕಿಟಕಿಯಾಚೆ ಕೈಗೆಟಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಯಜಮಾನ ಬೆಳ್ಳಿಯ ಕಡ್ಡಿಯ ಕನ್ನಡಕದವನು, ಮಾತು ಸಣ್ಣದು, ಕರಾರು ಪತ್ರ ದೊಡ್ಡದು. ಒಂದು ವರ್ಷ ತಿಂಗಳ ಸಂಬಳ. ಈ ಕೋಣೆಯಲ್ಲಿ ನಾನು ಮಾಡಿದ್ದೆಲ್ಲ ಅವನದು. ಏಪ್ರಿಲ್ಲಿನ ಪ್ರದರ್ಶನಕ್ಕೆ ಇಲ್ಲಿ ತೆಗೆಯುವ ಹೊಸ ಇಪ್ಪತ್ನಾಲ್ಕೂ ಮಾರಾಟವಾದರೆ ಇನ್ನೊಂದು ವರ್ಷ ನನ್ನನ್ನು ಇಟ್ಟುಕೊಳ್ಳುವ ಹಕ್ಕು ಅವನಿಗೆ. ಆಗದಿದ್ದರೆ ನಾನು ಸ್ವತಂತ್ರಳು, ಅಂದರೆ ನಿರುದ್ಯೋಗಿ.

ನನಗೆ ಹೆದರಿಕೆ ಮಾವ. ಒಂದೂ ಹೋಗದಿದ್ದರೆ ಗಂಟುಮೂಟೆ ಕಟ್ಟಿ ಬಂದುಬಿಡುತ್ತೇನೆ. ಗಿರಣಿಯಲ್ಲಿ ತಕ್ಕಡಿ ಹಿಡಿಯಲು ಒಂದು ಜಾಗ ಇಟ್ಟಿರು. ಆಮೇಲೆ ಜನ್ಮದಲ್ಲಿ ಕತ್ತರಿ ಮುಟ್ಟುವುದಿಲ್ಲ.

ಕತ್ತರಿ


5 ಮೇ 1988

ಪ್ರೀತಿಯ ಕತ್ತರಿಗೆ,

ಹೇಳಿರಲಿಲ್ಲವೇ! ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಮೊದಲ ದಿನ ಮಧ್ಯಾಹ್ನದೊಳಗೆ! ನಾನು ಇಲ್ಲಿ ಗಿರಣಿಗೆ ಬಂದವರಿಗೆಲ್ಲ ಹೇಳಿದ್ದೇನೆ. ಜೋಳ ತಂದವರಿಗೆ ಒಂದು ಸಲ, ಗೋಧಿ ತಂದವರಿಗೆ ಎರಡು ಸಲ. ನೀರಿನ ಹೂಜಿಯ ಪಕ್ಕದ ಮೂಲೆಯಲ್ಲಿ ನೇತುಹಾಕಿದ್ದ ಏಳನೆಯದಕ್ಕೂ ಮಾರಾಟವಾಯಿತೆಂಬ ಕೆಂಪು ಚುಕ್ಕೆ ಬಿತ್ತೆಂದರೆ, ಕೊಂಡವನು ಕಣ್ಣಿರುವವನೇ ಇರಬೇಕು. ಅಂಥವನು ಶತಮಾನಕ್ಕೊಬ್ಬ.

ತಕ್ಕಡಿಯ ಜಾಗವನ್ನು ಬೇರೆಯವರಿಗೆ ಕೊಟ್ಟಾಯಿತು. ನೀನು ಇನ್ನು ಬರುವ ಹಾಗಿಲ್ಲ.

ಅತ್ತೆ ಕೇಳಿದಳು ಅಂತ ತಿಳಿಸುತ್ತೇನೆ: ಊಟ ಸರಿಯಾಗಿ ಮಾಡುತ್ತೀಯಂತಾ?

ಮಾವ


2 ಜೂನ್ 1988

ಮಾವನಿಗೆ,

ಮೂರು ದಿನ ನೆಲದ ಮೇಲೆ ಕಾಲಿರಲಿಲ್ಲ. ಇಪ್ಪತ್ನಾಲ್ಕನ್ನೂ ಒಬ್ಬನೇ ಕೊಂಡಿದ್ದಾನಂತೆ, ಯಾವುದೋ ವಕೀಲರ ಕಚೇರಿಯ ಮೂಲಕ, ಹೆಸರು ಹೇಳದೆ. ಯಾರೋ ಒಬ್ಬ ಅಪರಿಚಿತನ ಮನೆಯಲ್ಲಿ ನನ್ನ ಬಾಗಿಲುಗಳು ಸಾಲಾಗಿ ನಿಂತಿವೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಆದರೆ ಯಜಮಾನ ನಿನ್ನೆ ಮೇಲೆ ಬಂದು, ‘ಬಾಗಿಲು ಹೋಗ್ತಾ ಇದೆ. ಇನ್ಮೇಲೆ ಬಾಗಿಲು ಮಾತ್ರ. ಮುಚ್ಚಿರೋ ಬಾಗಿಲು’ ಅಂದ. ನಾನು ಬೀದಿಯ ಜನರ ಮುಖಗಳನ್ನು ಮಾಡಬೇಕೆಂದಿದ್ದೆ, ಸಣ್ಣ ಸಣ್ಣ ತುಂಡುಗಳಲ್ಲಿ. ರಟ್ಟು ಕೂಡ ಕತ್ತರಿಸಿಟ್ಟಿದ್ದೆ. ಅದನ್ನು ಎತ್ತಿ ನೋಡಿ, ‘ಇದು ಬೇಡಮ್ಮ’ ಎಂದು ಕೆಳಗೆ ತೆಗೆದುಕೊಂಡು ಹೋದ. ಅವನದೇ ತಾನೇ.

ನೀರಿನ ಹೂಜಿಯ ವಿಷಯ ನಿನಗೆ ನಾನು ಬರೆದಿದ್ದೆನೇ? ನೆನಪಾಗುತ್ತಿಲ್ಲ.

ಕತ್ತರಿ


11 ಜನವರಿ 1989

ಮಾವನಿಗೆ,

ನಿನ್ನ ನಾಲ್ಕು ಪತ್ರಕ್ಕೆ ಒಂದೇ ಉತ್ತರ. ಕ್ಷಮಿಸು. ಬಲಗೈಯ ಮಣಿಕಟ್ಟು ಊದಿಕೊಂಡಿದೆ. ಯಂತ್ರದ ಚಕ್ರ ತಿರುಗಿಸಿ ತಿರುಗಿಸಿ ಹೀಗಾಗಿದೆ. ಎಂಟು ತಿಂಗಳಿಂದ ಒಂದೇ ಬಾಗಿಲು. ಬೆಳಿಗ್ಗೆ ಎದ್ದರೆ ಎದುರಿಗೆ ಗೋಡೆ, ತಿರುಗಿದರೆ ಮೇಜಿನ ಮೇಲೆ ಮುಚ್ಚಿದ ಬಾಗಿಲು. ಮೊನ್ನೆ ನನ್ನ ಕೋಣೆಯ ನಿಜವಾದ ಬಾಗಿಲನ್ನು ತೆರೆಯಲು ಹೋಗಿ, ಕೈಗೆ ಮಸಿ ಹತ್ತುತ್ತದೇನೋ ಎಂದು ಬಟ್ಟೆ ಹಿಡಿದುಕೊಂಡೆ. ನಗಬೇಡ.

ಒಂದು ಗುಟ್ಟು. ಕರಾರಿನಲ್ಲಿ ಪತ್ರದ ಮಾತಿಲ್ಲ. ಈ ಕೋಣೆಯಲ್ಲಿ ನನ್ನದು ಎನ್ನುವುದು ಪತ್ರ ಮಾತ್ರ. ಅದಕ್ಕೆ ಇನ್ನು ಮೇಲೆ ಲಕೋಟೆಗಳ ಒಳಮೈಗೆ ಆ ಮುಖಗಳನ್ನು ಅಂಟಿಸಿ ಕಳಿಸುತ್ತೇನೆ. ಮೊದಲನೆಯದು ಇದೇ. ಬಿಡಿಸಿ ನೋಡು, ಅಂಚೆಯಣ್ಣನ ಮುಖ. ಎಸೆಯಬೇಡ. ಒಂದನ್ನೂ ಎಸೆಯಬೇಡ.

ಇನ್ನೊಂದು. ನದಿಯ ದಡದಲ್ಲಿ ಹಳೆಯ ಗೋದಾಮೊಂದರಲ್ಲಿ ಒಬ್ಬ ಅಜ್ಜಿ ಐವತ್ತು ವರ್ಷದಿಂದ ಅಚ್ಚಿನ ಕೆಲಸ ಮಾಡುತ್ತಾಳೆ. ನಾನು ಅಚ್ಚಜ್ಜಿ ಅನ್ನುತ್ತೇನೆ. ‘ನನ್ನ ಯಂತ್ರ ನಿನಗೆ ಅರ್ಧ, ನನಗರ್ಧ. ಬಾ. ಮಾಡೋದು ನಿನ್ನಿಷ್ಟ’ ಎಂದಿದ್ದಾಳೆ. ಏಪ್ರಿಲ್ ಪ್ರದರ್ಶನ ಮುಗಿಯಬೇಕು. ಈ ಸಲ ಯಾರೂ ಕೊಳ್ಳದಿದ್ದರೆ ಒಳ್ಳೆಯದು.

ಕತ್ತರಿ


26 ಜನವರಿ 1989

ಪ್ರೀತಿಯ ಕತ್ತರಿಗೆ,

ಲಕೋಟೆ ಬಿಡಿಸಿ ನೋಡಿದೆ. ಅಂಚೆಯಣ್ಣನ ಮೀಸೆಗೆ ನನ್ನ ಬೆಂಕಿಪೆಟ್ಟಿಗೆಯ ಬದಿ ಅಂಟಿಸಿದ್ದೀಯ, ಗೀರಿದರೆ ಹತ್ತಿಕೊಳ್ಳುತ್ತದೆ. ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಅಲ್ಲಿ ಈಗ ಜಾಗಕ್ಕೆ ಕೊರತೆಯಿಲ್ಲ.

ಯಾರೂ ಕೊಳ್ಳದಿದ್ದರೆ ಒಳ್ಳೆಯದು ಅಂತ ಬರೆದಿದ್ದೀಯ. ನನಗೆ ಗೊತ್ತು ಇದು. ಪರೀಕ್ಷೆಯ ಹಿಂದಿನ ದಿನ ನೀನು, ‘ಫೇಲಾದ್ರೆ ಆಗ್ಲಿ ಬಿಡು ಮಾವ’ ಎಂದು ಹೇಳಿ ಕೊಟ್ಟಿಗೆಯ ಹಿಂದೆ ಹೋಗಿ ಅಳುತ್ತಿದ್ದೆ. ಹೆದರಬೇಡ. ಹೋದ ವರ್ಷ ಹೋಯಿತು, ಈ ವರ್ಷ ನಿಂತಿತು ಅಂತ ಯಾರೂ ಬೆರಳು ತೋರಿಸುವ ಹಾಗೆ ಆಗುವುದಿಲ್ಲ. ನನ್ನ ಬಲಗಣ್ಣು ಹಾರುತ್ತಿದೆ. ಎಲ್ಲವೂ ಮಾರಾಟವಾಗುತ್ತದೆ.

ಮಣಿಕಟ್ಟಿಗೆ ಬಿಸಿ ಉಪ್ಪಿನ ಶಾಖ ಕೊಡು ಅಂತ ಅತ್ತೆ. ನನ್ನ ಎರಡನೇ ಗಿರಣಿ ರಿಪೇರಿಗೆ ಹೋಗಿದೆ. ಅದಕ್ಕೇ ರಸೀದಿ ಚೂರುಗಳು ಕಡಿಮೆ. ಬೇರೇನಿಲ್ಲ.

ಮಾವ


30 ಏಪ್ರಿಲ್ 1989

ಮಾವ,

ನಿನ್ನ ಬಲಗಣ್ಣಿಗೆ ಬೆಂಕಿ ಬೀಳಲಿ. ಎಲ್ಲವೂ ಹೋಯಿತು. ಬಾಗಿಲು ತೆರೆದು ಅರ್ಧ ಗಂಟೆಯೊಳಗೆ ಅದೇ ವಕೀಲರ ಕಚೇರಿ, ಅದೇ ಹೆಸರಿಲ್ಲದ ಮನುಷ್ಯ. ಬೆಲೆಯನ್ನು ಮೂರು ಸಾವಿರದ ಇನ್ನೂರರಿಂದ ಐದು ಸಾವಿರದ ನಾನೂರಕ್ಕೆ ಏರಿಸಿದ್ದರೂ ಚೌಕಾಸಿಯಿಲ್ಲದೆ ಇಪ್ಪತ್ನಾಲ್ಕನ್ನೂ ಎತ್ತಿದನಂತೆ. ಯಜಮಾನ ಕೆಳಗೆ ಸಿಹಿ ಹಂಚಿದ. ನನಗೂ ಒಂದು ತಂದುಕೊಟ್ಟು, ‘ಇನ್ನೊಂದು ವರ್ಷ ನಮ್ಮ ಜೊತೇನೇ ಅಲ್ವಾ’ ಅಂದ. ಸಂಬಳ ಮಾತ್ರ ಅಷ್ಟೇ.

ನಾನು ಬರೆದದ್ದು ಹೆದರಿಕೆಯಿಂದಲ್ಲ ಮಾವ, ನಿಜವಾಗಿಯೂ ಬೇಡವಾಗಿತ್ತು. ಇದು ಕೊನೆಯ ಸಲ ಅಂದುಕೊಂಡು ಚಕ್ರ ತಿರುಗಿಸುತ್ತಿದ್ದೆ. ಅಚ್ಚಜ್ಜಿ ಇನ್ನೊಂದು ವರ್ಷ ಕಾಯುತ್ತೇನೆ ಎಂದಿದ್ದಾಳೆ. ಅವಳಿಗೆ ಎಪ್ಪತ್ತೆಂಟು. ಅದಾದ ಮೇಲೆ ಯಂತ್ರವನ್ನು ಮಾರಿಬಿಡುತ್ತಾಳೆ.

ಆ ಮನುಷ್ಯ ಎಲ್ಲಾದರೂ ನನ್ನ ಕೈಗೆ ಸಿಕ್ಕಿದರೆ ಅವನ ಹತ್ತೂ ಬೆರಳನ್ನು ಉರುಳೆಯ ಕೆಳಗೆ ಹಾಯಿಸಿ, ಕೆಳಗೆ 1/1 ಎಂದು ಬರೆಯುತ್ತೇನೆ.

ಕತ್ತರಿ


12 ಮೇ 1989

ಪ್ರೀತಿಯ ಕತ್ತರಿಗೆ,

ಹತ್ತೂ ಬೆರಳು ಯಾಕಮ್ಮ? ಒಂದು ಕೈಯದು ಸಾಲದೇ? ಮನುಷ್ಯನಿಗೆ ಊಟ ಮಾಡಲಾದರೂ ಬೇಕಲ್ಲ.

ಬಹುಶಃ ಅವನಿಗೆ ನಿನ್ನ ಕರಾರಿನ ತಲೆಬುಡ ತಿಳಿದಿಲ್ಲ. ಬಹುಶಃ ತಿಳಿದರೂ ತಲೆಗೆ ಹೋಗಿಲ್ಲ. ಕೆಲವರ ತಲೆ ಹಾಗೇ ಇರುತ್ತದೆ. ಒಳ್ಳೆಯದು ಮಾಡಲು ಹೋಗಿ ಕುಂಬಳಕಾಯಿಯ ಮೇಲೆ ಕೂತುಬಿಡುತ್ತಾರೆ.

ಇವತ್ತು ಹೆಚ್ಚು ಬರೆಯಲಾಗುತ್ತಿಲ್ಲ. ಗಿರಣಿಯ ಬೆಲ್ಟು ಹರಿದಿದೆ.

ಮಾವ


9 ನವೆಂಬರ್ 1989

ಪ್ರೀತಿಯ ಕತ್ತರಿಗೆ,

ನೀನು ಕಳಿಸಿದ ಲಕೋಟೆಗಳು ಮೂವತ್ತೊಂದಾದವು. ಔಷಧದಂಗಡಿಯ ಹೆಂಗಸು, ಬಸ್ಸಿನ ಕಂಡಕ್ಟರು, ತೂಕಡಿಸುವ ಕಾವಲುಗಾರ. ದಿನಕ್ಕೊಮ್ಮೆ ಪೆಟ್ಟಿಗೆ ತೆರೆದು ಎಣಿಸುತ್ತೇನೆ. ಪತ್ರದಲ್ಲಿ ಮಾತು ಕಡಿಮೆ ಮಾಡಿದ್ದೀಯ. ಲಕೋಟೆ ತುಂಬಿರುತ್ತದೆ, ಒಳಗಿನ ಕಾಗದದಲ್ಲಿ ಎರಡು ಸಾಲು.

ನಾನು ಐದು ತಿಂಗಳು ಯಾಕೆ ಬರೆಯಲಿಲ್ಲ ಎಂದು ಕೇಳಿದ್ದೀಯ. ಬರೆಯಲು ಕೂತೆ. ಒಂಬತ್ತು ಸಲ. ಮೊದಲ ಸಾಲು ಬರೆದ ಕೂಡಲೇ ಗಿರಾಕಿ ಬರುತ್ತಾನೆ. ಗಿರಾಕಿ ಬರದ ದಿನ ಮೊದಲ ಸಾಲು ಬರುವುದಿಲ್ಲ.

ಅತ್ತೆ ಹಿಂದಿನ ಕೋಣೆಗೆ ಯಾಕೆ ಬೀಗ ಎಂದು ಕೇಳುತ್ತಿದ್ದಾಳೆ. ಇಲಿ ಎಂದೆ. ‘ಇಲಿಗೆ ಬೀಗ ಹಾಕೋ ಗಂಡ್ಸು ನೀವೊಬ್ರೇ’ ಅಂದಳು. ಇರಲಿ. ಮುಂದಿನ ಏಪ್ರಿಲ್ ಬರಲಿ, ನೋಡೋಣ.

ಮಾವ


14 ಫೆಬ್ರವರಿ 1990

ಪೂಜ್ಯ ಮಾವನವರಿಗೆ,

ನಿನ್ನೆ ಯಜಮಾನರು ಕಟ್ಟು ಹಾಕಿದ ಒಂದು ಚಿತ್ರ ತಂದು, ‘ಗಿರಾಕಿ ವಾಪಸ್ ಕಳಿಸಿದಾನೆ, ಹುಳ ಹಿಡಿದಿದೆಯಂತೆ, ಬೇರೆ ಕೊಡಿ ಅಂತಿದಾನೆ’ ಎಂದು ನನ್ನ ಮೇಜಿನ ಮೇಲಿಟ್ಟರು. ಹೋದ ವರ್ಷದ ಒಂಬತ್ತನೆಯ ಪ್ರತಿ. ಹಿಂದಿನ ಮೊಳೆಗಳನ್ನು ಯಾರೋ ಕಿತ್ತು ಮತ್ತೆ ಹೊಡೆದಿದ್ದರು, ವಕ್ರವಾಗಿ. ಗಾಜು ತೆಗೆದೆ. ಒಳಗೆ ಹಿಟ್ಟು. ಹಿಟ್ಟಿನಲ್ಲಿ ನುಸಿ. ಕೆಳಗೆ ಎಡಮೂಲೆಯಲ್ಲಿ 9 ಎಂಬುದನ್ನು ನೀಲಿ ಪೆನ್ನಿನಿಂದ ಹೊಡೆದುಹಾಕಿ, ಬಾಲ ಉದ್ದವಿರುವ ನಾಲ್ಕಿನಲ್ಲಿ ಇಪ್ಪತ್ನಾಲ್ಕು ಎಂದು ಬರೆದಿತ್ತು. ಆ ನಾಲ್ಕನ್ನು ನಾನು ಐದನೇ ವಯಸ್ಸಿನಿಂದ ರಸೀದಿಗಳ ಮೇಲೆ ಕತ್ತರಿಸಿದ್ದೇನೆ.

ಮೊದಲು ನಕ್ಕೆ. ಆಮೇಲೆ ಯಂತ್ರದ ಪಕ್ಕ ನೆಲದ ಮೇಲೆ ಕೂತೆ. ಕತ್ತಲಾಗುವವರೆಗೂ ಏಳಲಿಲ್ಲ.

ನೀವು ಎರಡು ವರ್ಷ ನನ್ನನ್ನು ಈ ಕೋಣೆಯಲ್ಲಿ ಕೂಡಿಹಾಕಿದಿರಿ. ಅದನ್ನು ಸಹಿಸಬಹುದು, ನಿಮಗೆ ತಿಳಿಯದೆ ಆಯಿತು ಎನ್ನಬಹುದು. ಆದರೆ ಎರಡು ಸಲವೂ ಮೊದಲ ದಿನವೇ ಎಲ್ಲವನ್ನೂ ಕೊಂಡುಬಿಟ್ಟಿರಿ. ಬೇರೆ ಯಾರಾದರೂ ಒಬ್ಬರು ನನ್ನ ಚಿತ್ರದ ಮುಂದೆ ನಿಲ್ಲುತ್ತಿದ್ದರೋ ಇಲ್ಲವೋ ಎಂದು ತಿಳಿಯುವ ದಾರಿಯನ್ನೇ ಮುಚ್ಚಿದಿರಿ. ನಾನು ಯಾರೆಂದು ನನಗೀಗ ಗೊತ್ತಿಲ್ಲ.

ಮೂರು ಪ್ರಶ್ನೆ. ಹೇಗೆ ಮಾಡಿದಿರಿ? ಯಾಕೆ ಮಾಡಿದಿರಿ? ಎಷ್ಟು ಹಣ ಹೋಯಿತು? ಏಪ್ರಿಲ್ಲಿನಲ್ಲಿ ನೀವು ಒಂದು ಚಿತ್ರವನ್ನೂ ಮುಟ್ಟಕೂಡದು. ಯಜಮಾನರಿಗೆ ನಾನು ಏನನ್ನೂ ಹೇಳಿಲ್ಲ.

ಇಂತಿ ನಿಮ್ಮ ಸೊಸೆ


25 ಫೆಬ್ರವರಿ 1990

ಕತ್ತರಿಗೆ,

‘ನೀವು’ ಎಂದು ಬರೆದಿದ್ದೀಯ. ಮಾತು ಕಲಿತಾಗಿನಿಂದ ನನ್ನನ್ನು ಹಾಗೆ ಕರೆದವಳಲ್ಲ. ಹತ್ತೂ ಬೆರಳು ಉರುಳೆಗೆ ಕೊಟ್ಟಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಹೇಗೆ ಅಂದರೆ, ಇಲ್ಲಿನ ವಕೀಲರ ಗುಮಾಸ್ತ ನನ್ನ ಹಳೆಯ ಗಿರಾಕಿ. ಅವನನ್ನು ಬಸ್ಸು ಹತ್ತಿಸಿ ಕಳಿಸಿದೆ. ಮೊದಲ ವರ್ಷ ಒಂದು ನಾಲ್ಕೈದು ತಾ ಎಂದಿದ್ದೆ, ನಿನಗೆ ಧೈರ್ಯ ಬರಲಿ ಅಂತ. ಅವನು ಹೊರಡುವಾಗ ನಿನ್ನ ಪತ್ರ ಮತ್ತೊಮ್ಮೆ ಓದಿದೆ. ಜನ್ಮದಲ್ಲಿ ಕತ್ತರಿ ಮುಟ್ಟುವುದಿಲ್ಲ ಅಂದಿದ್ದೆಯಲ್ಲ. ನಿಲ್ದಾಣದ ತನಕ ಓಡಿ, ‘ಎಲ್ಲಾ ತಗೊಂಡ್ ಬಾ’ ಅಂದೆ. ಅವನು ನೀರು ಕುಡಿಯುತ್ತಾ ಹೂಜಿಯ ಪಕ್ಕದ್ದನ್ನೂ ನೋಡಿದನಂತೆ. ಅದು ನನ್ನ ಪತ್ರಕ್ಕೆ ಬಂದುಬಿಟ್ಟಿತು. ಎರಡನೇ ವರ್ಷದ್ದು ನನ್ನ ಮೂರ್ಖತನ. ನೀನು ಕನ್ನಡದಲ್ಲೇ ಬರೆದಿದ್ದೆ, ಬೇಡ ಅಂತ. ನಾನು ಅದರೊಳಗೆ ಹತ್ತು ವರ್ಷದ ಹುಡುಗಿಯ ಅಳು ಹುಡುಕಿದೆ.

ಅಂಕ ಅಲ್ಲ ಎಂದು ನನಗೆ ಗೊತ್ತಿತ್ತು, ನೀನೇ ತಿಳಿಸಿದ್ದೆ. ಆದರೂ ಬೀಗ ಹಾಕಿಕೊಂಡು ಒಬ್ಬನೇ ಕೂತಾಗ ಒಂದು, ಎರಡು, ಮೂರು ಅಂತ ಬರೆದಿರುವುದನ್ನು ನೋಡಲು ಆಗುತ್ತಿರಲಿಲ್ಲ. ಮೊಳೆ ಕಿತ್ತು, ಒಂದೊಂದಕ್ಕೂ ಪೂರ್ತಿ ಅಂಕ ಕೊಟ್ಟು, ಮೊಳೆ ಹೊಡೆದೆ. ಕೈತುಂಬ ಹಿಟ್ಟಿತ್ತು. ಗುಮಾಸ್ತ ಬಂದವನು ನುಸಿ ಕಂಡು, ‘ಗ್ಯಾರಂಟಿ ಇದೆ ಕಣ್ರೀ’ ಎಂದು ನನ್ನನ್ನು ಕೇಳದೆ ಒಂದನ್ನು ವಾಪಸ್ಸು ಕಳಿಸಿದ. ಕೆಟ್ಟ ಮೂಟೆ ವಾಪಸ್ಸು ಕಳಿಸುವುದನ್ನು ಅವನಿಗೆ ಕಲಿಸಿದವನೂ ನಾನೇ.

ಅತ್ತೆಗೆ ಬೀಗದ ಕೈ ಕೊಟ್ಟೆ. ಒಳಗೆ ಹೋಗಿ ಒಂದೊಂದನ್ನೂ ಎಣಿಸಿದಳು. ಹೊರಗೆ ಬಂದು, ‘ಮನೆಗಿರೋದು ಮೂರು ಬಾಗ್ಲು. ಇಲ್ಲಿ ನಲವತ್ತೇಳು ನಿಂತಿವೆ. ಕಳ್ಳ ಬಂದ್ರೆ ಯಾವುದ್ರಲ್ಲಿ ಬರ್ಬೇಕು ಅಂತ ಅವನಿಗೇ ತಿಳಿಯಲ್ಲ’ ಅಂದಳು.

ಹಣ ಅಂಥದ್ದೇನೂ ಅಲ್ಲ. ಒಂದು ನಲವತ್ತು ಸಾವಿರ ಇರಬಹುದು. ನನ್ನಂಥವನಿಗೆ ಅದು ಎಲೆಯಡಿಕೆ.

ಏಪ್ರಿಲ್ಲಿನಲ್ಲಿ ಕೊಳ್ಳುವುದಿಲ್ಲ, ಮಾತು ಕೊಟ್ಟೆ. ಆದರೆ ಇದೊಂದನ್ನು ಕೇಳು. ಹೋದ ಮೇ ತಿಂಗಳಿನಿಂದ ನನಗೆ ನಿದ್ದೆಯಿಲ್ಲ. ಕೊಂಡರೆ ನೀನು ಒಳಗೆ. ಕೊಳ್ಳದೆ ಬಿಟ್ಟು, ಗೋಡೆಯ ಮೇಲೆ ಇಪ್ಪತ್ನಾಲ್ಕೂ ಹಾಗೇ ಉಳಿದರೆ, ಇಷ್ಟು ದಿನ ಮಾವನ ಹೊರತು ಯಾರೂ ಇರಲಿಲ್ಲ ಎಂದು ನಿನಗೆ ಗೊತ್ತಾಗುತ್ತದೆ. ಇಲಿಬೋನಿನ ಹೊರಗೆ ನಿಂತು ನೋಡುತ್ತಿದ್ದೇನೆ ಅಂದುಕೊಂಡಿದ್ದೆ. ಬಾಲ ಎಳೆದುಕೊಳ್ಳಲು ಹೋದಾಗ ಗೊತ್ತಾಯಿತು, ನಾನೂ ಒಳಗೇ.

ಮಾವ


29 ಏಪ್ರಿಲ್ 1990

ಮಾವನಿಗೆ,

ಪ್ರದರ್ಶನ ನಿನ್ನೆ ಮುಗಿಯಿತು. ಹತ್ತು ದಿನ. ಮೊದಲ ದಿನ ಯಜಮಾನ ಬಾಗಿಲ ಬಳಿಯೇ ನಿಂತು ವಕೀಲರ ಗುಮಾಸ್ತನಿಗಾಗಿ ಕಾದ. ಎರಡನೇ ದಿನ ಕುರ್ಚಿ ತರಿಸಿಕೊಂಡ. ಐದನೇ ದಿನ ನನ್ನ ಮುಖ ನೋಡುವುದನ್ನು ಬಿಟ್ಟ. ನಾನು ದಿನವೂ ಕೆಳಗಿಳಿದು ಚುಕ್ಕೆಗಳನ್ನು ಎಣಿಸುತ್ತಿದ್ದೆ. ಸೊನ್ನೆ, ಸೊನ್ನೆ, ಸೊನ್ನೆ. ಬಿಡುಗಡೆ ಬೇಕೆಂದು ಎರಡು ವರ್ಷ ಹಂಬಲಿಸಿದವಳಿಗೆ ಆ ಸೊನ್ನೆಗಳು ಹೀಗೆ ಕುಟುಕುತ್ತವೆಂದು ತಿಳಿದಿರಲಿಲ್ಲ. ನಿನ್ನ ಹೆದರಿಕೆ ಏನೆಂದು ಆಗ ಅರ್ಥವಾಯಿತು. ಒಂದು ಸಲ, ಒಂದೇ ಒಂದು ಸಲ, ಗುಮಾಸ್ತ ಬರಬಾರದೇ ಅಂತ ಕೂಡ ಅನ್ನಿಸಿತು. ಇದನ್ನು ಯಾರಿಗೂ ಹೇಳಬೇಡ.

ಏಳನೇ ದಿನ ಕಣ್ಣಾಸ್ಪತ್ರೆಯ ನರ್ಸೊಬ್ಬಳು ಬಂದಳು. ಕೆಲಸ ಮುಗಿಸಿ, ಕೈಯಲ್ಲಿ ಊಟದ ಡಬ್ಬಿ. ಹದಿಮೂರನೆಯದರ ಮುಂದೆ ನಿಂತಳು. ಮರುದಿನ ಮತ್ತೆ ಬಂದಳು. ಅದರ ಮರುದಿನವೂ. ನನ್ನನ್ನು ಯಾರೆಂದು ತಿಳಿಯದೆ, ‘ಈ ಬಾಗಿಲಿನ ಚಿಲಕ ಇರೋದು ನಮ್ಮ ಕಡೇನೇ ಅಲ್ವೇನ್ರೀ?’ ಎಂದು ಕೇಳಿದಳು. ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೌದು ಎಂದೆ. ಹತ್ತನೇ ದಿನ ಅರ್ಧ ಹಣ ಕೊಟ್ಟು, ಉಳಿದರ್ಧಕ್ಕೆ ಎರಡು ತಿಂಗಳ ವಾಯಿದೆ ಕೇಳಿದಳು. ಯಜಮಾನ ಮುಖ ಸಿಂಡರಿಸಿಕೊಂಡು ಕೆಂಪು ಚುಕ್ಕೆ ಅಂಟಿಸಿದ.

ನಿಜ ಹೇಳು. ಅವಳು ನಿನ್ನ ಕಡೆಯವಳಲ್ಲ ತಾನೇ?

ಇಪ್ಪತ್ಮೂರು ಉಳಿದವು. ಕರಾರು ಮುಗಿಯಿತು. ನಾಳೆ ನಾನು ಅಚ್ಚಜ್ಜಿಯ ಗೋದಾಮಿಗೆ ಹೋಗುತ್ತೇನೆ. ಯಜಮಾನ ನನ್ನ ಪೆಟ್ಟಿಗೆ ಬಿಚ್ಚಿಸಿ ಪರೀಕ್ಷಿಸಿದ. ಎರಡು ಸೀರೆ, ಒಂದು ಕತ್ತರಿ, ನಿನ್ನ ಪತ್ರಗಳ ಕಟ್ಟು. ಪತ್ರ ಕರಾರಿನಲ್ಲಿಲ್ಲ.

ಲಕೋಟೆಗಳನ್ನು ಕಳಿಸು. ನಲವತ್ತಮೂರು ಮುಖಗಳನ್ನೂ ಒಂದೇ ದೊಡ್ಡ ಹಾಳೆಯಲ್ಲಿ ಕೂಡಿಸುತ್ತೇನೆ. ನಡುವೆ ಒಂದು ಜಾಗ ಖಾಲಿ ಇದೆ. ಅಲ್ಲಿಗೆ ನಿನ್ನ ಮುಖ ಬೇಕು, ಅಂದರೆ ನಿನ್ನ ಕೈಬರಹ. ನಲವತ್ತು ಸಾವಿರ ಎಂದು ಬರೆದಿದ್ದೆಯಲ್ಲ. ಬೆಲೆ ನನಗೆ ಗೊತ್ತು, ಗುಣಾಕಾರ ನೀನೇ ಕಲಿಸಿದ್ದು. ನಾನೇ ಲೆಕ್ಕ ಹಾಕಬಲ್ಲೆ. ಆದರೆ ಇಷ್ಟು ವರ್ಷ ನೀನು ನನಗೆ ಬರೆದ ಪತ್ರಗಳಲ್ಲಿ ನಿಜವಾದ ಸಂಖ್ಯೆ ಒಂದೂ ಇಲ್ಲ ಮಾವ. ಒಂದೇ ಒಂದು ಕೊಡು.

ನಿನ್ನ ಕತ್ತರಿ


10 ಮೇ 1990

ಪ್ರೀತಿಯ ಕತ್ತರಿಗೆ,

‘ನಿನ್ನ ಕತ್ತರಿ’ ಎಂದಿರುವುದನ್ನು ಅತ್ತೆಗೆ ಮೂರು ಸಲ ಓದಿ ಹೇಳಿದೆ. ‘ಸಾಕು, ಸವೆದು ಹೋಗುತ್ತೆ’ ಅಂದಳು.

ನರ್ಸು ನನ್ನ ಕಡೆಯವಳಲ್ಲ. ಅತ್ತೆಯ ಮೇಲಾಣೆ. ನನ್ನ ಕಡೆಯವಳಾಗಿದ್ದರೆ ಅರ್ಧ ಹಣಕ್ಕೆ ಕೇಳುತ್ತಿದ್ದಳೇ? ಎಲ್ಲವನ್ನೂ ಎತ್ತುತ್ತಿದ್ದಳು. ಪ್ರದರ್ಶನದ ಹತ್ತೂ ದಿನ ಗುಮಾಸ್ತನನ್ನು ಗಿರಣಿಯಲ್ಲಿ ನನ್ನ ಕಣ್ಣೆದುರು ಕೂರಿಸಿಕೊಂಡಿದ್ದೆ. ಅವನಿಗಾಗಿ ಅಲ್ಲ, ನನಗಾಗಿ. ನಾಲ್ಕನೇ ದಿನ ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಅತ್ತೆ ಬಾಗಿಲಿಗೆ ಅಡ್ಡ ಕೂತು ಕಾಳು ಆರಿಸತೊಡಗಿದಳು. ಸಂಜೆಯವರೆಗೂ ಏಳಲಿಲ್ಲ. ಅಷ್ಟೊಂದು ಕಾಳು ಮನೆಯಲ್ಲಿರಲೇ ಇಲ್ಲ, ಆರಿಸಿದ್ದನ್ನೇ ಆರಿಸಿದಳು.

ಆ ನರ್ಸಿನ ವಿಳಾಸ ಸಿಕ್ಕರೆ ಕಳಿಸು. ಏನೂ ಮಾಡುವುದಿಲ್ಲ. ನನ್ನ ಹೊರತು ಕಣ್ಣಿರುವವರು ಇನ್ನೊಬ್ಬರು ಇದ್ದಾರೆ ಎಂದು ಬರೆದಿಟ್ಟುಕೊಳ್ಳುತ್ತೇನೆ.

ಲಕೋಟೆಗಳು ಬೇರೆ ಕಟ್ಟಿನಲ್ಲಿ ಬರುತ್ತಿವೆ, ನಲವತ್ತಮೂರೂ. ಒಂದಕ್ಕೂ ನುಸಿ ತಾಗಿಲ್ಲ, ಒಂದಕ್ಕೂ ಪೆನ್ನು ಮುಟ್ಟಿಸಿಲ್ಲ. ಬಹಳ ಕಷ್ಟಪಟ್ಟು ಮುಟ್ಟಿಸಿಲ್ಲ. ಕಬ್ಬಿಣದ ಪೆಟ್ಟಿಗೆ ಈಗ ನಿಜವಾಗಿಯೂ ಖಾಲಿ. ತೆರೆದರೆ ತಳ ಕಾಣುತ್ತದೆ. ನಿಮ್ಮಜ್ಜನ ಕಾಲದಿಂದ ಆ ತಳವನ್ನು ಯಾರೂ ನೋಡಿರಲಿಲ್ಲವಂತೆ. ಹಸಿರು ಬಣ್ಣ.

ನಲವತ್ತೇಳು ಬಾಗಿಲನ್ನು ಏನು ಮಾಡುವುದು ಎಂದು ಅತ್ತೆಯ ಪ್ರಶ್ನೆ. ಎರಡನ್ನು ಅಡುಗೆಮನೆಯಲ್ಲಿ ಹಾಕಿದ್ದಾಳೆ. ಗಿರಣಿಯಲ್ಲೊಂದು. ಜೋಳ ತಂದವನೊಬ್ಬ ನೋಡಿ, ‘ಈ ಬಾಗ್ಲ ಆಚೆ ಏನಿದೆ ಯಜಮಾನ್ರೇ?’ ಎಂದು ಕೇಳಿದ. ‘ನಮ್ಮ ಹುಡುಗಿ ಇದ್ದಳು. ಈಗ ಹೊರಟ್ಹೋದ್ಲು’ ಎಂದೆ.

ಇನ್ನು ನೀನು ಕೇಳಿದ್ದು. ಕತ್ತರಿ, ರೈಲಿನ ಮಾತು ಸುಳ್ಳು ಎಂದು ನಿನಗೆ ಎಂದೋ ಗೊತ್ತು. ನಿಂತ ರೈಲಿಗೆ ಒರಗಿದ್ದೆ, ಅದು ಹೊರಟಾಗ ಬಿದ್ದೆ. ಎರಡನೇ ಗಿರಣಿ ರಿಪೇರಿಗೆ ಹೋಗಿರಲಿಲ್ಲ, ಮಾರಿದೆ. ಒಂದು ಕಲ್ಲಿನಲ್ಲೇ ಬೀಸುತ್ತಿದ್ದೇನೆ, ಊಟಕ್ಕೇನೂ ಕೊರತೆಯಿಲ್ಲ. ಅತ್ತೆಗೆ ಇವತ್ತಿನವರೆಗೂ ನಲವತ್ತು ಸಾವಿರವೇ. ಆದ್ದರಿಂದ ಅಂಟಿಸುವಾಗ ತಲೆಕೆಳಗಾಗಿ ಅಂಟಿಸು. ಅವಳು ನಿನ್ನ ದೊಡ್ಡ ಹಾಳೆ ನೋಡಲು ಬಸ್ಸು ಹತ್ತುತ್ತೇನೆ ಎಂದು ಕೂತಿದ್ದಾಳೆ.

ಮೊದಲ ವರ್ಷದ್ದು, ಎರಡನೇ ವರ್ಷದ್ದು, ಗುಮಾಸ್ತನ ಬಸ್ಸು, ಊಟ, ವಸತಿ, ಬಾಯಿ ಮುಚ್ಚಿಕೊಂಡಿದ್ದಕ್ಕೆ ಕೂಲಿ ಹನ್ನೆರಡು ಸಾವಿರ, ಎಲ್ಲವೂ ಸೇರಿದೆ. ಮೂರು ಸಲ ಕೂಡಿ ನೋಡಿದ್ದೇನೆ. ಕತ್ತರಿಸಲು ಸುಲಭವಾಗಲಿ ಎಂದು ಸುತ್ತ ಜಾಗ ಬಿಟ್ಟು, ಒಂದೇ ಸಾಲಿನಲ್ಲಿ ಬರೆಯುತ್ತೇನೆ:

ಎರಡು ಲಕ್ಷದ ಹದಿನೆಂಟು ಸಾವಿರದ ನಾನೂರು.